ಸಿಸ್ಟಮ್ ಇದ್ದಕ್ಕಿದ್ದಂಗೆ ಆಫ್ ಆಗಿ ಆನ್ ಆಗ್ತಿಲ್ವಾ? "ಬೋರ್ಡ್ ಹೋಗಿದೆ" ಅಂತ ಒಪ್ಕೊಳ್ಳೋಕೆ ಮುಂಚೆ ಇಷ್ಟು ನೋಡಿ

ಚೆನ್ನಾಗಿ ಓಡ್ತಿದ್ದ ಡೆಸ್ಕ್‌ಟಾಪ್ ಟಪ್ ಅಂತ ಆಫ್ ಆಗುತ್ತೆ, ಆಮೇಲೆ ಎಷ್ಟು ಸಲ ಬಟನ್ ಒತ್ತಿದ್ರೂ ಫ್ಯಾನೂ ತಿರುಗಲ್ಲ ಲೈಟೂ ಬರಲ್ಲ. ಹಿಂಗಾದಾಗ ತುಂಬಾ ಜನ ಸಿಪಿಯು ಡಬ್ಬ ಎತ್ಕೊಂಡು ಸೀದಾ ಅಂಗಡಿಗೆ ಹೋಗ್ತಾರೆ, ಅಲ್ಲಿ ಎರಡು ನಿಮಿಷ ನೋಡಿ "ಸಾರ್ ಬೋರ್ಡ್ ಹೋಗಿದೆ" ಅಂತಾರೆ (ಬೋರ್ಡ್ ಅಂದ್ರೆ ಮದರ್‌ಬೋರ್ಡ್, ಎಲ್ಲಾ ಪಾರ್ಟ್ ಕೂರೋ ದೊಡ್ಡ ಹಲಗೆ), ಹಳೇ ಮಾಡೆಲ್ ಬೋರ್ಡ್ ಸಿಗಲ್ಲ, ಹೊಸ ಬೋರ್ಡಿಗೆ ಹಳೇ ಪ್ರೊಸೆಸರ್ ಕೂರಲ್ಲ, ಹಳೇ ಥರದ ಡಿಡಿಆರ್3 ರ‍್ಯಾಮ್ ಆಗಲ್ಲ, ಕೊನೆಗೆ ಕ್ಯಾಬಿನೆಟ್ ಒಂದು ಬಿಟ್ಟು ಎಲ್ಲಾ ಹೊಸದಾಗಿ ತಗೊಳ್ಳೋ ಹಂಗೆ ಆಗುತ್ತೆ. ಎಲ್ಲಾ ಅಂಗಡಿಯವರೂ ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ, ಅವರಿಗೆ ಟೈಮ್ ಇರಲ್ಲ ಅಷ್ಟೇ. ಆದ್ರೆ ನಾನು ನೋಡಿರೋ ಮಟ್ಟಿಗೆ ಪೂರ್ತಿ ಸತ್ತು ಬಿದ್ದಿರೋ ಸಿಸ್ಟಮ್‌ಗಳಲ್ಲಿ ಬೋರ್ಡ್‌ಗಿಂತ ಜಾಸ್ತಿ ಸಲ ಎಸ್‌ಎಂಪಿಎಸ್ಸೇ (ಗೋಡೆಯಿಂದ ಬರೋ ಕರೆಂಟನ್ನ ಒಳಗಿನ ಪಾರ್ಟ್‌ಗಳಿಗೆ ಬೇಕಾದ ಹಂಗೆ ಮಾಡಿ ಕೊಡೋ ಡಬ್ಬ) ಹೋಗಿರುತ್ತೆ, ಅದಕ್ಕೂ ಹೊರಗೆ ಯುಪಿಎಸ್ಸೋ ಎಕ್ಸ್‌ಟೆನ್ಷನ್ ಬೋರ್ಡೋ ಕೈ ಕೊಟ್ಟಿರೋದೂ ಉಂಟು.

ಅದಕ್ಕೇ ರೂಲ್ ಒಂದೇ. ಕರೆಂಟ್ ಬರೋ ದಾರಿ ಹಿಡ್ಕೊಂಡು ಗೋಡೆಯಿಂದ ಒಳಗೆ ಬನ್ನಿ, ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ. ರ‍್ಯಾಮ್ ಕಿತ್ತು ಅದರ ಜೊತೆಗೇ ಬ್ಯಾಟರಿನೂ ತೆಗೆದು ಕೇಬಲ್ಲೂ ಚೇಂಜ್ ಮಾಡಿದ್ರೆ, ಅಕಸ್ಮಾತ್ ಆನ್ ಆದ್ರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ನಾಳೆ ಮತ್ತೆ ಹಂಗೇ ಆದಾಗ ಮೊದಲಿಂದ ಶುರು ಮಾಡ್ಬೇಕು.

ಇನ್ನೊಂದು, "ಸತ್ತೋಗಿದೆ" ಅನ್ನೋದರಲ್ಲೂ ಬೇರೆ ಬೇರೆ ಥರ ಇದೆ. ಬಟನ್ ಒತ್ತಿದ್ರೆ ಏನೂ ಆಗ್ದೇ ಇರೋದು ಬೇರೆ, ಫ್ಯಾನ್ ಒಂದು ಸಲ ಜರ್ರ್ ಅಂದು ನಿಂತುಬಿಡೋದು ಬೇರೆ, ಫ್ಯಾನ್ ಓಡ್ತಿದ್ರೂ ಡಿಸ್ಪ್ಲೇ ಬರ್ದೇ ಇರೋದು ಬೇರೆ, ಆನ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಆಫ್ ಆಗೋದು ಇನ್ನೊಂದು. ನಿಮ್ಮದು ಯಾವುದು ಅಂತ ಮೊದಲು ಗಮನಿಸ್ಕೊಳ್ಳಿ, ಯಾರ ಹತ್ರ ಸಹಾಯ ಕೇಳಿದ್ರೂ ಅವರು ಮೊದಲು ಕೇಳೋದು ಇದನ್ನೇ.

ಈಗ ಗೋಡೆ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ರೋ ಟೇಬಲ್ ಫ್ಯಾನೋ ಹಾಕಿ ನೋಡಿ. ಸ್ಪೈಕ್ ಬಸ್ಟರ್ ಇದ್ರೆ ಅದನ್ನ ಬೈಪಾಸ್ ಮಾಡಿ, ಅದರೊಳಗಿನ ಫ್ಯೂಸ್ ಹೋಗಿರ್ಬಹುದು. ಪವರ್ ಕಾರ್ಡ್ ಮಾನಿಟರ್‌ದೂ ಸಿಪಿಯುದೂ ಸಾಮಾನ್ಯವಾಗಿ ಒಂದೇ ಥರ ಇರುತ್ತೆ, ಅದಲು ಬದಲು ಮಾಡಿ ನೋಡೋಕೆ ಒಂದು ಪೈಸೆ ಖರ್ಚಿಲ್ಲ. ಎಸ್‌ಎಂಪಿಎಸ್ ಹಿಂದೆ ಇರೋ ಚಿಕ್ಕ ಸ್ವಿಚ್ ಮನೆ ಗುಡಿಸುವಾಗ ಕೈ ತಾಗಿ ಆಫ್ ಆಗಿರೋದೂ ಇದೆ, ನಗಬೇಡಿ.

ಯುಪಿಎಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಕರೆಂಟ್ ಹೋಗಿ ಬರೋದು ದಿನದ ಕತೆ. ಮನೆಗಳಲ್ಲಿರೋ 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್‌ನ 7 ಎಎಚ್ ಬ್ಯಾಟರಿ ಒಂದು ಇರುತ್ತೆ, ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತೆ. ಹೊರಗಿಂದ ನೋಡಿದ್ರೆ ಗ್ರೀನ್ ಲೈಟ್ ಉರೀತಾನೇ ಇರುತ್ತೆ, ಆದ್ರೆ ಕರೆಂಟ್ ಒಂದು ಸೆಕೆಂಡ್ ಮಿಣುಕಿದ್ರೂ ಸಿಸ್ಟಮ್ ಢಮಾರ್, ಆಗ ಜನ "ಸಿಸ್ಟಮ್ ತಾನಾಗೇ ಆಫ್ ಆಗ್ತಿದೆ" ಅಂತಾರೆ. ಯುಪಿಎಸ್ ತೆಗೆದು ನೇರ ಗೋಡೆಗೆ ಹಾಕಿ ಒಂದೆರಡು ದಿನ ಓಡಿಸಿ ನೋಡಿ. ಕರೆಂಟ್ ಇರೋವಾಗ ಆಫ್ ಆಗ್ದಿದ್ರೆ ತಪ್ಪು ಯುಪಿಎಸ್‌ದೇ, ಸಾಮಾನ್ಯವಾಗಿ ಬ್ಯಾಟರಿ ಮಾತ್ರ ಬದಲಾಯಿಸಿದ್ರೆ ಸಾಕಾಗುತ್ತೆ, ಹೊಸ ಯುಪಿಎಸ್ ಬೇಕಾಗಿರಲ್ಲ. ಗ್ರಾಫಿಕ್ಸ್ ಕಾರ್ಡ್ ಇರೋ ಗೇಮಿಂಗ್ ಸಿಸ್ಟಮ್‌ನ 600 ವಿಎಗೆ ಹಾಕಿದ್ರೆ ಮಾತ್ರ ಬ್ಯಾಟರಿ ಹೊಸದಿದ್ರೂ ಓವರ್‌ಲೋಡ್ ಆಗಿ ಕುಯ್ಯೋ ಅಂತ ಕಿರುಚಿ ಆಫ್ ಆಗುತ್ತೆ, 600 ವಿಎ ಅಂದ್ರೆ 600 ವ್ಯಾಟ್ ಅಲ್ಲ, ಬಹಳಷ್ಟರಲ್ಲಿ ಅದು 360 ವ್ಯಾಟ್ ಅಷ್ಟೇ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಟೆಸ್ಟರ್ ಇಟ್ರೆ ಉರಿಯುತ್ತಾ? ಅದು ಬೋರ್ಡ್ ಶಾರ್ಟ್ ಅಲ್ಲ, ಬಹುತೇಕ ನಿಮ್ಮ ಮನೆಗೆ ಅರ್ತಿಂಗ್ ಸರಿಯಿಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಬಾಡಿಗೆ, ನ್ಯೂಟ್ರಲ್‌ನಿಂದ ಬಾಡಿಗೆ ಒಂದೊಂದು ಚಿಕ್ಕ ಫಿಲ್ಟರ್ ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಕೊಳ್ಳೋ ಪಾರ್ಟ್) ಇರುತ್ತೆ, ಅರ್ತ್ ಇಲ್ಲದಿದ್ರೆ ಬಾಡಿ ಮೇಲೆ 230ರ ಅರ್ಧದಷ್ಟು, ಅಂದ್ರೆ 115 ವೋಲ್ಟ್ ಹತ್ತಿರ ಕೂತಿರುತ್ತೆ. ಅದರಿಂದ ಬರೋ ಕರೆಂಟ್ ತುಂಬಾ ಕಮ್ಮಿ, ಚುಮುಗುಡುತ್ತೆ ಅಷ್ಟೇ, ಜೋರಾಗಿ ಹೊಡೆದ್ರೆ ಮಾತ್ರ ಅದು ನಿಜವಾದ ಲೀಕೇಜ್, ಪ್ಲಗ್ ಕಿತ್ತು ದೂರ ಇಡಿ. ಎರಡರಲ್ಲಿ ಯಾವುದೇ ಆಗಿದ್ರೂ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಸರಿ ಮಾಡಿಸಿ, ಆ ವೋಲ್ಟೇಜ್ ಇರೋವಾಗ ಎಚ್‌ಡಿಎಂಐ ಕೇಬಲ್ ಕೀಳೋದು ಹಾಕೋದು ಮಾಡಿ ಪೋರ್ಟ್ ಸುಟ್ಕೊಂಡವರಿದ್ದಾರೆ.

ಇಷ್ಟೆಲ್ಲಾ ಸರಿ ಇದ್ರೆ ಡಬ್ಬ ತೆಗೀರಿ. ಮೊದಲು ಪ್ಲಗ್ ಕಿತ್ಹಾಕಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಕಿತ್ತೇ ಹಾಕಿ, ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಉಳಿದಿರೋ ಚಾರ್ಜ್ ಇಳಿಯುತ್ತೆ. ಪ್ಲಾಸ್ಟಿಕ್ ಚೇರ್ ಮೇಲೆ ಸ್ವೆಟರ್ ಹಾಕ್ಕೊಂಡು ಕೂತು ಬೋರ್ಡ್ ಮುಟ್ಬೇಡಿ, ಆಗಾಗ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ತಾ ಇರಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ಬಿಚ್ಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 320 ವೋಲ್ಟ್‌ಗೂ ಮೇಲೆ ಡಿಸಿ ತುಂಬಿರುತ್ತೆ, ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರೋದ್ರಲ್ಲಿ ಇನ್ನೂ ಜಾಸ್ತಿ, ಪ್ಲಗ್ ಕಿತ್ತ ಮೇಲೂ ಅದು ಎಷ್ಟು ಹೊತ್ತು ಉಳಿಯುತ್ತೆ ಅಂತ ಹೇಳೋಕಾಗಲ್ಲ. ಯೂಟ್ಯೂಬ್‌ನಲ್ಲಿ ಯಾರೋ ಬಿಚ್ಚಿ ತೋರಿಸ್ತಾರೆ ಅಂತ ನೀವು ಕೈ ಹಾಕ್ಬೇಡಿ.

ಟಾರ್ಚ್ ಹಿಡಿದು ನೋಡಿ, ಮೂಸಿ ಕೂಡ ನೋಡಿ. ಸುಟ್ಟ ವಾಸನೆ ಎಸ್‌ಎಂಪಿಎಸ್ ಗ್ರಿಲ್ ಹತ್ರ ಬಂದ್ರೆ ಅರ್ಧ ಕೆಲಸ ಮುಗೀತು. ಆ ಗ್ರಿಲ್ ಸಂದಿಯಲ್ಲೇ ಬಗ್ಗಿ ನೋಡಿ, ಹಲ್ಲಿ ಸಿಕ್ಕಾಕೊಂಡು ಒಣಗಿ ಕಪ್ಪಗಾಗಿರೋದು ಕಾಣಿಸ್ಬಹುದು, ಬೆಚ್ಚಗಿರುತ್ತೆ ಅಂತ ಒಳಗೆ ಹೋಗುತ್ತೆ, ಎರಡು ಕಾಲು ಎರಡು ಕಡೆ ತಾಗಿದ ತಕ್ಷಣ ಅದರ ಕತೆನೂ ಮುಗೀತು ನಿಮ್ಮ ಎಸ್‌ಎಂಪಿಎಸ್ ಕತೆನೂ ಮುಗೀತು. ಜಿರಳೆ, ಇರುವೆ ಗೂಡು ಕೂಡ ನಾನು ನೋಡಿದೀನಿ. ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ನಿಂತಿರೋ ಸಿಲಿಂಡರ್ ಥರದ ಕೆಪಾಸಿಟರ್‌ಗಳ ತಲೆ ಸಪಾಟಾಗಿರ್ಬೇಕು, ಪೂರಿ ಥರ ಉಬ್ಬಿದ್ರೆ ಇಲ್ಲಾ ಕಂದು ಬಣ್ಣದ ಅಂಟು ಸೋರಿದ್ರೆ ಅದು ಕೆಟ್ಟಿದೆ. 2000ದ ದಶಕದ ಮೊದಲ ಭಾಗದಲ್ಲಿ ಬಂದ ಬೋರ್ಡ್‌ಗಳಲ್ಲಿ ಈ ಕಾಯಿಲೆ ವಿಪರೀತ ಇತ್ತು, ಕೆಪಾಸಿಟರ್ ಒಳಗಿನ ದ್ರವ (ಎಲೆಕ್ಟ್ರೋಲೈಟ್) ಕಳಪೆ ಆಗಿ ಪ್ರಪಂಚದ ತುಂಬಾ ಬೋರ್ಡ್‌ಗಳು ಸತ್ತವು, ಈಗಿನ, ದ್ರವ ಇಲ್ಲದ ಸಾಲಿಡ್ ಕೆಪಾಸಿಟರ್ ಬಂದ್ಮೇಲೆ ಕಮ್ಮಿ ಆಗಿದೆ, ಆದ್ರೆ ಕಡಿಮೆ ರೇಟಿನ ಎಸ್‌ಎಂಪಿಎಸ್ ಒಳಗೆ ಈಗಲೂ ಅದೇ ಹಣೆಬರಹ. ಮಂಗಳೂರು, ಉಡುಪಿ ಕಡೆಯವರು ರ‍್ಯಾಮ್ ಸ್ಲಾಟ್, ಸ್ಕ್ರೂ ಎಲ್ಲಾ ಸರಿಯಾಗಿ ನೋಡಿ, ಉಪ್ಪು ಗಾಳಿಗೆ ಹಸಿರು ಹಿಡಿದಿರುತ್ತೆ.

ಈಗ ಎಸ್‌ಎಂಪಿಎಸ್ ಟೆಸ್ಟ್. ವೋಲ್ಟೇಜ್ ಅಳೆಯೋ ಒಂದು ಮಲ್ಟಿಮೀಟರ್ ಇಟ್ಕೊಳ್ಳಿ, ಕೆಲವು ನೂರು ರೂಪಾಯಿದೇ ಸಾಕು. ಪ್ಲಗ್ ಹಾಕಿ, ಬಟನ್ ಒತ್ತದೇನೇ, ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಹೋಗಿರೋ ಅಗಲವಾದ 24 ಪಿನ್ ಕನೆಕ್ಟರ್‌ನ ನೇರಳೆ ವೈರಿಗೂ ಕಪ್ಪು ವೈರಿಗೂ ಮಧ್ಯ ಅಳೆದ್ರೆ 5 ವೋಲ್ಟ್ ಇರ್ಬೇಕು. ಇದು ಸ್ಟ್ಯಾಂಡ್‌ಬೈ ಸಪ್ಲೈ, ಸಿಸ್ಟಮ್ ಆಫ್ ಇದ್ರೂ ಇದು ಬರ್ತಾನೇ ಇರುತ್ತೆ, ಪವರ್ ಬಟನ್ ಕೆಲಸ ಮಾಡೋದೇ ಇದರಿಂದ. ಇಲ್ಲ ಅಂದ್ರೆ ಕನೆಕ್ಟರ್‌ನ ಬೋರ್ಡಿಂದ ಬಿಡಿಸಿ ಮತ್ತೆ ಅಳೀರಿ, ಆಗಲೂ ಇಲ್ಲ ಅಂದ್ರೆ ಎಸ್‌ಎಂಪಿಎಸ್ ಹೋಗಿದೆ, ಬಿಡಿಸಿದ ಮೇಲೆ ಬಂದ್ರೆ ಬೋರ್ಡ್‌ನಲ್ಲೋ ಅದಕ್ಕೆ ಚುಚ್ಚಿರೋ ಯುಎಸ್‌ಬಿ ಸಾಮಾನಲ್ಲೋ ಎಲ್ಲೋ ಶಾರ್ಟ್ ಆಗಿ ಕರೆಂಟ್ ಎಳೀತಿದೆ.

ಮೀಟರ್ ಇಲ್ಲದವರಿಗೆ ಹಳೇ ಪೇಪರ್ ಕ್ಲಿಪ್ ಟೆಸ್ಟ್ ಇದೆ. ಪ್ಲಗ್ ಕೀಳಿ, ಬೋರ್ಡ್, ಡಿಸ್ಕ್ ಎಲ್ಲದರಿಂದಲೂ ಎಸ್‌ಎಂಪಿಎಸ್ ಕೇಬಲ್ ಬಿಡಿಸಿ, 24 ಪಿನ್ನಿನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ಸಿಕ್ಕಿಸಿ, ಕೈ ತೆಗೆದು ಆಮೇಲೆ ಕರೆಂಟ್ ಕೊಡಿ. ಹಸಿರು ವೈರ್ ಇಡೀ ಕನೆಕ್ಟರ್‌ಗೆ ಒಂದೇ ಇರೋದು, 16ನೇ ಪಿನ್, ಅದರ ಎರಡು ಪಕ್ಕ ಅಂದ್ರೆ 15 ಮತ್ತೆ 17 ಎರಡೂ ಗ್ರೌಂಡೇ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲಾ ವೈರೂ ಕಪ್ಪು, ಅಂಥದ್ದಿದ್ರೆ ಪಿನ್ ಚಿತ್ರ ನೋಡ್ಕೊಂಡೇ ಮಾಡಿ, ಅಂದಾಜಲ್ಲಿ ಚುಚ್ಬೇಡಿ. ಫ್ಯಾನ್ ತಿರುಗಿದ್ರೆ ಜೀವ ಇದೆ ಅಂತ ಅರ್ಥ, ಆದ್ರೆ ಆರೋಗ್ಯ ಇದೆ ಅಂತ ಅರ್ಥ ಅಲ್ಲ, ಇಲ್ಲೇ ತುಂಬಾ ಜನ ಎಡವೋದು. ಲೋಡ್ ಇಲ್ಲದೆ ಫ್ಯಾನ್ ತಿರುಗಿಸೋದು ಅರ್ಧ ಕೆಟ್ಟಿರೋ ಎಸ್‌ಎಂಪಿಎಸ್ಸೂ ಮಾಡ್ಬಹುದು. (ಕೆಲವು ದುಬಾರಿ ಮಾಡೆಲ್‌ಗಳಲ್ಲಿ ಲೋಡ್ ಇಲ್ಲದಾಗ ಫ್ಯಾನ್ ತಿರುಗೋದೇ ಇಲ್ಲ, ಅದೂ ನೆನಪಿರಲಿ.) ಮೀಟರ್ ಇದ್ರೆ ಹಳದಿ ವೈರ್ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ಒಳಗಡೆ ಇರ್ಬೇಕು. ಇದೆಲ್ಲಾ ಸರಿ ಇದ್ದೂ ಅನುಮಾನ ಇದ್ರೆ ಫ್ರೆಂಡ್ ಹತ್ರ ಕೆಲಸ ಮಾಡ್ತಿರೋ ಎಸ್‌ಎಂಪಿಎಸ್ ಅರ್ಧ ದಿನಕ್ಕೆ ಇಸ್ಕೊಂಡು ಬಂದು ಹಾಕಿ ನೋಡೋದೇ ಫೈನಲ್ ಟೆಸ್ಟ್.

ಆಫೀಸಿಂದ ಬಂದ ರಿಫರ್ಬಿಶ್ಡ್ ಡೆಲ್, ಎಚ್‌ಪಿ ಸಿಸ್ಟಮ್ ತಗೊಂಡಿರೋರು ಮೇಲಿನದನ್ನ ಹಂಗೇ ಮಾಡೋಕೆ ಹೋಗ್ಬೇಡಿ, ತುಂಬಾ ಮಾಡೆಲ್‌ಗಳಲ್ಲಿ 24 ಪಿನ್ನೇ ಇರಲ್ಲ, ಕನೆಕ್ಟರ್ ಅವರದೇ ಬೇರೆ. ಡೆಲ್ ಆಪ್ಟಿಪ್ಲೆಕ್ಸ್‌ಗಳಲ್ಲಿ ತುಂಬಾದರಲ್ಲಿ ಎಸ್‌ಎಂಪಿಎಸ್ ಹಿಂದೆನೇ ಟೆಸ್ಟ್ ಬಟನ್ ಮತ್ತೆ ಚಿಕ್ಕ ಎಲ್‌ಇಡಿ ಕೊಟ್ಟಿರ್ತಾರೆ, ಒತ್ತಿ ನೋಡಿ.

ಎಸ್‌ಎಂಪಿಎಸ್ ಚೆನ್ನಾಗಿದೆ, ಆದ್ರೂ ಬಟನ್ ಒತ್ತಿದ್ರೆ ಏನೂ ಇಲ್ಲ ಅಂದ್ರೆ ಬಟನ್ನೇ ಹೋಗಿರ್ಬಹುದು. ಕ್ಯಾಬಿನೆಟ್ ಮುಂದಿಂದ ಬರೋ ಸಣ್ಣ ವೈರ್‌ಗಳು ಬೋರ್ಡಿನ ಕೆಳಮೂಲೆಗೆ ಹೋಗಿರುತ್ತೆ, ಪವರ್ ಸ್ವಿಚ್ ಅಂತ ಬರೆದಿರೋದನ್ನ ಕಿತ್ತು ಆ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿ. ಆನ್ ಆದ್ರೆ ನಿಮ್ಮ ಬೋರ್ಡ್ ಸತ್ತಿಲ್ಲ, ಸತ್ತಿರೋದು ಒಂದು ಚಿಕ್ಕ ಅಗ್ಗದ ಸ್ವಿಚ್. ತಾತ್ಕಾಲಿಕಕ್ಕೆ ರೀಸೆಟ್ ಬಟನ್ ವೈರನ್ನೇ ಅಲ್ಲಿ ಹಾಕ್ಕೊಂಡ್ರೂ ನಡೆಯುತ್ತೆ, ವರ್ಷಗಟ್ಟಲೆ ಹಂಗೇ ಓಡಿಸ್ತಿರೋರೂ ಇದ್ದಾರೆ.

ಫ್ಯಾನ್ ಜರ್ರ್ ಅಂದು ನಿಲ್ಲೋದು ನನಗೆ ಇಷ್ಟವಾದ ಫಾಲ್ಟ್, ಯಾಕಂದ್ರೆ ಅಲ್ಲಿ ಎಸ್‌ಎಂಪಿಎಸ್ಸೇ ಬಾಯಿಬಿಟ್ಟು ಹೇಳ್ತಿದೆ ಎಲ್ಲೋ ಶಾರ್ಟ್ ಇದೆ ಅಂತ. ಪ್ಲಗ್ ಕಿತ್ತು ಗ್ರಾಫಿಕ್ಸ್ ಕಾರ್ಡ್ ತೆಗೆದು ಆನ್ ಮಾಡಿ, ಫ್ಯಾನ್ ಮತ್ತೆ ಹಂಗೇ ನಿಲ್ತಾ? ಪ್ಲಗ್ ಕಿತ್ತು ಹಾರ್ಡ್ ಡಿಸ್ಕ್ ಕೇಬಲ್ ತೆಗೀರಿ, ಆಮೇಲೆ ಮುಂದಿನ ಯುಎಸ್‌ಬಿ ವೈರ್ ತೆಗೀರಿ, ಪೋರ್ಟ್ ಒಳಗಿನ ಪಿನ್ ಬಗ್ಗಿ ಒಂದಕ್ಕೊಂದು ತಾಗಿರೋದು ಮಕ್ಕಳಿರೋ ಮನೆಯಲ್ಲಿ ಸಾಮಾನ್ಯ. ಎಲ್ಲಾ ತೆಗೆದ್ರೂ ನಿಲ್ತಿದ್ರೆ ಪ್ರೊಸೆಸರ್ ಪಕ್ಕ ಹೋಗಿರೋ 4 ಅಥವಾ 8 ಪಿನ್ ಕನೆಕ್ಟರ್ ಮಾತ್ರ ಕಿತ್ತು ಆನ್ ಮಾಡಿ. ಈಗ ಫ್ಯಾನ್ ನಿಲ್ಲದೆ ಓಡಿದ್ರೆ ಶಾರ್ಟ್ ಇರೋದು ಪ್ರೊಸೆಸರ್‌ಗೆ ಕರೆಂಟ್ ಕೊಡೋ ಭಾಗದಲ್ಲೇ, ಹೆಚ್ಚಾಗಿ ಅಲ್ಲಿರೋ ಒಂದು ಮಾಸ್ಫೆಟ್ (ಕರೆಂಟ್ ಆನ್ ಆಫ್ ಮಾಡೋ ಚಿಕ್ಕ ಪಾರ್ಟ್) ಶಾರ್ಟ್ ಆಗಿರುತ್ತೆ, ಪ್ರೊಸೆಸರ್ ಹೋಗಿರೋ ಚಾನ್ಸ್ ಅದಕ್ಕಿಂತ ಕಮ್ಮಿ. ಇದನ್ನ ಚಿಪ್ ಲೆವೆಲ್ ಮಾಡೋರು, ಅಂದ್ರೆ ಬೋರ್ಡ್ ಮೇಲಿನ ಒಂದೊಂದು ಪಾರ್ಟ್ ಬದಲಾಯಿಸಿ ರಿಪೇರಿ ಮಾಡೋರು, ಸರಿ ಮಾಡ್ತಾರೆ, "ಬೋರ್ಡ್ ಹೋಗಿದೆ" ಅಂತ ಎಸೆಯೋ ಕೇಸ್ ಅಲ್ಲ. ಅವರ ಹತ್ರ ಹೋಗಿ "12 ವೋಲ್ಟ್ ಲೈನ್ ಶಾರ್ಟ್ ಇದೆ, 8 ಪಿನ್ ತೆಗೆದ್ರೆ ಓಡುತ್ತೆ" ಅಂದ್ರೆ ಅವರು ನಿಮ್ಮನ್ನ ನೋಡೋ ರೀತಿನೇ ಬೇರೆ ಆಗುತ್ತೆ, ರೇಟೂ ಬೇರೆ ಆಗ್ಬಹುದು. ಅಲ್ಲಿಗೆ ಹೋಗೋಕೆ ಮುಂಚೆ ಬೋರ್ಡ್ ಬಿಚ್ಚಿ ರಟ್ಟಿನ ಬಾಕ್ಸ್ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಇಟ್ಕೊಂಡು ಒಂದು ಸಲ ಆನ್ ಮಾಡಿ, ಕ್ಯಾಬಿನೆಟ್ ಒಳಗೆ ಬಿದ್ದ ಸ್ಕ್ರೂ ಬೋರ್ಡ್ ಹಿಂದೆ ಸೇರ್ಕೊಂಡು ಶಾರ್ಟ್ ಮಾಡ್ತಿದ್ರೆ ಅಲ್ಲೇ ಗೊತ್ತಾಗುತ್ತೆ.

ಫ್ಯಾನ್ ಎಲ್ಲಾ ಓಡ್ತಿದೆ ಡಿಸ್ಪ್ಲೇ ಇಲ್ಲ ಅಂದ್ರೆ ಮೊದಲ ಆರೋಪಿ ರ‍್ಯಾಮ್. ಮಾನಿಟರ್‌ನಲ್ಲಿ "ನೋ ಸಿಗ್ನಲ್" ಅಂತ ಬಂದ್ರೆ ಮಾನಿಟರ್ ಬದುಕಿದೆ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲ್‌ನ ಬೋರ್ಡಿಗೆ ಹಾಕಿದೀರಾ ನೋಡಿ, ಕ್ಲೀನ್ ಮಾಡಿ ವಾಪಸ್ ಹಾಕಿದ ದಿನ ಇದು ಆಗುತ್ತೆ. ರ‍್ಯಾಮ್ ಎಲ್ಲಾ ತೆಗೆದು ಚಿನ್ನದ ಬಣ್ಣದ ಕಾಲುಗಳನ್ನ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೇ ಕಡ್ಡಿನ ಪ್ರೊಸೆಸರ್‌ನಿಂದ ಎರಡನೇ ಸ್ಲಾಟ್‌ಗೆ ಟಕ್ ಅನ್ನೋವರೆಗೂ ಒತ್ತಿ, ನಾಲ್ಕು ಸ್ಲಾಟ್ ಇರೋ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಹಾಕ್ಬೇಕಾದ್ದು ಅದಕ್ಕೇ. ಬರ್ಲಿಲ್ವಾ, ಇನ್ನೊಂದು ಕಡ್ಡಿ, ಇನ್ನೊಂದು ಸ್ಲಾಟ್. ಡಿಡಿಆರ್5 ಸಿಸ್ಟಮ್ ಆದ್ರೆ ರ‍್ಯಾಮ್ ಬದಲಾಯಿಸಿದ ಮೇಲೆ ಮೊದಲ ಸಲ ಕೆಲವು ನಿಮಿಷ ಕಪ್ಪು ಸ್ಕ್ರೀನೇ ಇರುತ್ತೆ, ಅದು ಮೆಮೊರಿ ಟ್ರೈನಿಂಗ್ ಮಾಡ್ಕೊತಿರುತ್ತೆ, ಅವಸರ ಪಟ್ಟು ಆಫ್ ಮಾಡಿದ್ರೆ ಮತ್ತೆ ಮೊದಲಿಂದ.

ಆಮೇಲೆ ಸಿಮಾಸ್ ಸೆಲ್, ಬೋರ್ಡ್ ಮೇಲಿರೋ ನಾಣ್ಯದ ಥರದ ಬ್ಯಾಟರಿ. ಸಿಆರ್2032, 3 ವೋಲ್ಟ್, ಮೆಡಿಕಲ್ ಸ್ಟೋರಲ್ಲೂ ವಾಚ್ ಅಂಗಡಿಯಲ್ಲೂ ಸಿಗುತ್ತೆ. ಪ್ಲಗ್ ಕಿತ್ತು, ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿದ್ರೆ ಬಯಾಸ್ (ಆನ್ ಆದ ತಕ್ಷಣ ಬೋರ್ಡ್ ಮೊದಲು ಓಡಿಸೋ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲಾ ಮೊದಲಿನ ಥರ ಆಗುತ್ತೆ, ಎಷ್ಟೋ ಸಲ ಅಷ್ಟಕ್ಕೇ ಡಿಸ್ಪ್ಲೇ ಬರುತ್ತೆ. ಈಗಿನ ಎಷ್ಟೋ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಅಂದ್ರೆ ಗ್ರಾಫಿಕ್ಸ್), ಬೂಟ್ ಅಂತ ನಾಲ್ಕು ಚಿಕ್ಕ ಎಲ್‌ಇಡಿ ಇರುತ್ತೆ, ಯಾವುದರ ಮೇಲೆ ನಿಂತಿದೆಯೋ ಕಾಯಿಲೆ ಅಲ್ಲೇ. ಹಳೇ ಬೋರ್ಡ್ ಆದ್ರೆ ಬೀಪ್ ಸ್ಪೀಕರ್ ಒಂದು ತಗೊಳ್ಳಿ, ತುಂಬಾ ಅಗ್ಗ, ರ‍್ಯಾಮ್ ಎಲ್ಲಾ ಕಿತ್ತು ಆನ್ ಮಾಡಿದಾಗ ಬೀಪ್ ಬೀಪ್ ಅಂತ ಬಡ್ಕೊಂಡ್ರೆ ಬೋರ್ಡೂ ಪ್ರೊಸೆಸರೂ ಬದುಕಿದೆ ಅಂತ ಬಹುಮಟ್ಟಿಗೆ ಗ್ಯಾರಂಟಿ. ಗ್ರಾಫಿಕ್ಸ್ ಕಾರ್ಡ್ ಮೇಲೆ ಡೌಟ್ ಇದ್ರೆ ಅದನ್ನ ತೆಗೆದು ಬೋರ್ಡಿನ ಪೋರ್ಟ್‌ಗೆ ಹಾಕಿ, ಆದ್ರೆ ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ರೆ, ಅಥವಾ ರೈಜೆನ್ 5600 ಥರದ್ದು ಜಿ ಇಲ್ಲದೇ ಇದ್ರೆ, ಪ್ರೊಸೆಸರ್ ಒಳಗೆ ಗ್ರಾಫಿಕ್ಸೇ ಇಲ್ಲ, ಎಷ್ಟು ಹೊತ್ತು ಕಾದ್ರೂ ಏನೂ ಬರಲ್ಲ.

ಓಡ್ತಾ ಓಡ್ತಾ ಆಫ್ ಆಗೋದಾದ್ರೆ ಬಿಸಿ ಇಲ್ಲಾ ಎಸ್‌ಎಂಪಿಎಸ್. ಆಫ್ ಆದ ತಕ್ಷಣ ಮತ್ತೆ ಆನ್ ಮಾಡಿ ಬಯಾಸ್‌ಗೆ ಹೋಗಿ ಸಿಪಿಯು ಟೆಂಪರೇಚರ್ ನೋಡಿ, 80, 90 ಡಿಗ್ರಿ ತೋರಿಸ್ತಿದ್ರೆ ಕೂಲರ್ ಸರಿ ಕೂತಿಲ್ಲ. ಇಂಟೆಲ್ ಜೊತೆ ಬರೋ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು, ಅದರಲ್ಲಿ ಒಂದು ಎದ್ದಿದ್ರೂ ಸಾಕು, ಏಪ್ರಿಲ್ ಬಿಸಿಲಿಗೆ ರಾಯಚೂರಲ್ಲಿ ಅದು ಹತ್ತು ನಿಮಿಷ ನಿಲ್ಲಲ್ಲ. ಧೂಳು ಬ್ರಷ್‌ನಲ್ಲಿ ತೆಗೀರಿ, ಪ್ರೊಸೆಸರ್‌ಗೂ ಕೂಲರ್‌ಗೂ ಮಧ್ಯ ಹಚ್ಚಿರೋ ಪೇಸ್ಟ್ ಒಣಗಿ ಸುಣ್ಣ ಆಗಿದ್ರೆ ಒರೆಸಿ ಹೊಸದು ಹಾಕಿ. ಬಿಸಿ ಇಲ್ಲ, ಆದ್ರೂ ಗೇಮ್ ಶುರು ಮಾಡಿದ ಕೂಡ್ಲೇ ಆಫ್ ಅಂದ್ರೆ ಎಸ್‌ಎಂಪಿಎಸ್ ಲೋಡ್ ತಡೀತಿಲ್ಲ. ವಿಂಡೋಸ್‌ನಲ್ಲಿ ಆಗಿದ್ದೆಲ್ಲಾ ದಾಖಲಾಗೋ ಇವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಅಂತ ಇರುತ್ತೆ, ಅದನ್ನ ನೋಡಿ ಗಾಬರಿ ಬೀಳೋದು ಬೇಡ, ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೇ ನಿಂತಿತ್ತು ಅಂತ ಮಾತ್ರ ಅದು ಹೇಳೋದು, ಕಾರಣ ಹೇಳಲ್ಲ.

ಡೇಟಾ ಹೋಯ್ತಾ ಅನ್ನೋ ಭಯ ಎಲ್ಲರಿಗೂ. ಎಸ್‌ಎಂಪಿಎಸ್ ಅಥವಾ ಬೋರ್ಡ್ ಸತ್ತ ಮಾತ್ರಕ್ಕೆ ಸಾಮಾನ್ಯವಾಗಿ ಡಿಸ್ಕ್‌ನಲ್ಲಿರೋದು ಹೋಗಲ್ಲ, ಡಿಸ್ಕ್ ತೆಗೆದು ಇನ್ನೊಂದು ಸಿಸ್ಟಮ್‌ಗೆ ಸಾಟಾ ಟು ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿ ನೋಡ್ಬಹುದು. ವಿಂಡೋಸ್ 11 ಇದ್ರೆ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕಿರೋ ಬೀಗ) ಕೀ ಕೇಳ್ಬಹುದು, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತೆ, ಸಿಸ್ಟಮ್ ಚೆನ್ನಾಗಿರೋವಾಗಲೇ ಒಂದು ಸಲ ಬರೆದಿಟ್ಕೊಳ್ಳಿ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಬಡೀತಿದ್ರೆ ಮಾತ್ರ ಪದೇ ಪದೇ ಆನ್ ಮಾಡಿ ನೋಡೋ ಕೆಲಸ ಬೇಡ, ಮುಖ್ಯವಾದ್ದು ಇದ್ರೆ ರಿಕವರಿಯವರಿಗೆ ಕೊಡಿ.

ಗುಡುಗು ಮಳೆ ಆದ್ಮೇಲೆ ಸತ್ತಿದ್ರೆ ಪವರ್ ಲೈನ್ ಒಂದೇ ಅಲ್ಲ, ಇಂಟರ್‌ನೆಟ್ ಲ್ಯಾನ್ ಕೇಬಲ್ ಮೂಲಕನೂ ಹೊಡೆತ ಬಂದಿರುತ್ತೆ, ಕಂಬದಿಂದ ಕಂಬಕ್ಕೆ ತಾಮ್ರದ ಕೇಬಲ್ ಎಳೆದಿರೋ ಏರಿಯಾದಲ್ಲಿ ಇದು ಜಾಸ್ತಿ. ಸಿಸ್ಟಮ್ ಆನ್ ಆಗಿ ಬರೀ ಲ್ಯಾನ್ ಸತ್ತಿದ್ರೆ ಬೋರ್ಡ್ ಬದಲಾಯಿಸ್ಬೇಡಿ, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಾಕು. ಏಪ್ರಿಲ್ ಮೇ ತಿಂಗಳಲ್ಲಿ ಮೋಡ ಕಪ್ಪಾದ್ರೆ ಪವರ್ ಪ್ಲಗ್, ಲ್ಯಾನ್ ಕೇಬಲ್ ಎರಡೂ ಕೀಳಿ.

ಹೊಸ ಎಸ್‌ಎಂಪಿಎಸ್ ತಗೊಳ್ಳೋವಾಗ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರೋ ಹಗುರವಾದ ಡಬ್ಬ ತಗೋಬೇಡಿ, ಸ್ಟಿಕರ್‌ನಲ್ಲಿ 12 ವೋಲ್ಟ್ ಲೈನ್‌ಗೆ ಎಷ್ಟು ಆಂಪಿಯರ್ ಅಂತ ನೋಡಿ, ಅದನ್ನ 12ರಿಂದ ಗುಣಿಸಿದ್ರೆ ಆ ಲೈನ್ ಎಷ್ಟು ವ್ಯಾಟ್ ಕೊಡುತ್ತೆ ಅಂತ ಸಿಗುತ್ತೆ, ಅಲ್ಲಿ ಬಣ್ಣ ಬಯಲಾಗುತ್ತೆ. 80 ಪ್ಲಸ್ ಬ್ರಾಂಜ್ (ಕರೆಂಟ್ ಕಮ್ಮಿ ವೇಸ್ಟ್ ಮಾಡುತ್ತೆ ಅನ್ನೋ ಸರ್ಟಿಫಿಕೇಟ್) ಇರೋದು ಸ್ವಲ್ಪ ಜಾಸ್ತಿ ಆದ್ರೂ ಕೊಡಿ. ಕೇಬಲ್ ಬಿಡಿಸಿ ಹಾಕೋ ಮಾಡ್ಯುಲರ್ ಥರದ್ದಾದ್ರೆ ಹಳೇ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಹಾಕ್ಲೇಬೇಡಿ, ಕನೆಕ್ಟರ್ ಸರಿಯಾಗಿ ಕೂತ್ರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಸಲಕ್ಕೆ ಹಾರ್ಡ್ ಡಿಸ್ಕ್ ಹೊಗೆ ಬರುತ್ತೆ.

ನಿಜವಾಗ್ಲೂ ಬೋರ್ಡೇ ಹೋಗಿದ್ರೆ ಮೊದಲು ಬಿಲ್ ಹುಡುಕಿ, ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತೆ. ವಾರಂಟಿ ಮುಗಿದಿದ್ರೆ ಕಂಪ್ಯೂಟರ್ ಪಾರ್ಟ್ ಮಾರೋ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎಚ್61, ಎಚ್81 ಥರದ ಹಳೇ ಚಿಪ್‌ಸೆಟ್ ಬೋರ್ಡ್‌ಗಳು ಸೆಕೆಂಡ್ಸೂ ಸಿಗುತ್ತೆ ಹೊಸದೂ ಸಿಗುತ್ತೆ, ನಿಮ್ಮ ಪ್ರೊಸೆಸರ್ ರ‍್ಯಾಮ್ ತಗೊಂಡೇ ಹೋಗಿ, ಅಲ್ಲೇ ಹಾಕಿಸಿ ಡಿಸ್ಪ್ಲೇ ನೋಡಿ ದುಡ್ಡು ಕೊಡಿ. ವಾರಂಟಿಗೆ ಕೊಡೋದಾದ್ರೆ ಪ್ರೊಸೆಸರ್ ತೆಗೆದ ತಕ್ಷಣ ಸಾಕೆಟ್ ಪಿನ್‌ಗಳ ಫೋಟೋ ಹತ್ತಿರದಿಂದ ತೆಗೀರಿ, ಸೀರಿಯಲ್ ನಂಬರ್ ಸ್ಟಿಕರ್ ಕೂಡ ಅದೇ ಫೋಟೋದಲ್ಲಿ ಬರಲಿ, ಬಾಕ್ಸ್‌ನಲ್ಲಿ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಕೌಂಟರ್‌ನಲ್ಲಿ ಅವರ ಮುಂದೆನೇ ಮುಚ್ಚಳ ತೆಗೆಸಿ ಪಿನ್ ಬಗ್ಗಿಲ್ಲ ಅಂತ ರಸೀದಿ ಮೇಲೆ ಬರೆಸ್ಕೊಂಡು ಬನ್ನಿ.